ದೀಪದ ರೀಲಿನ ಬೆಳದಿಂಗಳು

"ಪಟದಲ್ಲಿ ಇರೂದು ನನ್ನಪ್ಪ ಹೌದು," ಎಂದಳು ಮಾದೇವಿ. "ತೊಡೆ ಮೇಲೆ ಇಟ್ಕಂಡದ್ದು ಮೇಳದ ಕಿರೀಟವೇ ಹೌದು. ಆದ್ರೆ ಅಪ್ಪ ಕಳ್ಳ ಅಲ್ಲ. ಅದನ್ನ ನೀವು ಈ ಪಟದ ಒಳಗಿಂದಲೇ ತೆಗ್ದು ಕೊಡ್ಬೇಕು, ವಿನುತಕ್ಕ."

ವಿನುತಾ ಪಟವನ್ನು ಕೈಗೆ ತೆಗೆದುಕೊಂಡಳು. ಹೊನ್ನಾವರ ಬಸ್ ಸ್ಟ್ಯಾಂಡಿನ ಎದುರಿನ ಆ ಪುಟ್ಟ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆಂದು ಸ್ಟೂಲಿನ ಮೇಲೆ ಕೂತಿದ್ದ ಗಿರಾಕಿಗೆ ಆಗ ತಾನೇ "ಅಲುಗಬೇಡಿ" ಎಂದಿದ್ದಳು. ಹೇಳಿದ್ದು ಮರೆತೇಹೋಯಿತು. ಆ ಪುಣ್ಯಾತ್ಮ ಅಲುಗಲಿಲ್ಲ. ಜೇಡವೊಂದು ಬಂದು ಅವನ ಕಿವಿಯಿಂದ ಗೋಡೆಗೆ ಎಳೆ ಕಟ್ಟಿ ಹೋಯಿತೆಂದು ಪಕ್ಕದ ಹೊಟೇಲಿನವರು ಇಂದಿಗೂ ಆಣೆ ಹಾಕುತ್ತಾರೆ.

ಪಟ ದೊಡ್ಡದು, ಎರಡು ಕೈಯಲ್ಲಿ ಹಿಡಿಯುವಂಥದ್ದು. ಅದರ ತುಂಬ ನೀಲಿ. ಮರಳು ನೀಲಿ, ಅಲೆಯ ನೊರೆ ನೀಲಿ, ಮರಳ ಮೇಲೆ ಕೂತ ಶುಕ್ರನ ಬಿಳಿ ಅಂಗಿಯೂ ನೀಲಿ. ನೋಡುತ್ತಿದ್ದರೆ ಕಣ್ಣು ತಾನಾಗಿ ಅರ್ಧ ಮುಚ್ಚುತ್ತಿತ್ತು. ಯಾರೋ ದೂರದಲ್ಲಿ ಪದ ಹೇಳುತ್ತಿದ್ದಾರೆ, ಊರೆಲ್ಲ ಮಲಗಿದೆ, ಸಮುದ್ರ ಮಾತ್ರ ಎದ್ದಿದೆ ಎಂಬಂಥ ನೀಲಿ. ಶುಕ್ರನ ತೊಡೆಯ ಮೇಲೆ ಕಿರೀಟ. ಹಿಂದೆ ಒಂದು ದೋಣಿ. ದೋಣಿಯ ಪಕ್ಕ ಕಪ್ಪಗೆ ಏನೋ ಒಂದು ಮುದ್ದೆ, ಬಲೆಯ ರಾಶಿ ಇರಬೇಕು.

ಹುಣ್ಣಿಮೆಯ ರಾತ್ರಿ ಕರ್ಕಿ ಯಕ್ಷಗಾನ ಮೇಳದ ಪೆಟ್ಟಿಗೆಯಿಂದ ಮಾಯವಾದ ಹಲಸಿನ ಮರದ ಹಳೆಯ ಕಿರೀಟ ಅದು. ಪೆಟ್ಟಿಗೆ ಕಾಯುವವನು ಶುಕ್ರ.

"ಇದು ಎಲ್ಲಿ ಸಿಕ್ತು?"

"ಕುಮಟೆ ಶ್ರೀನಾಥ ಮಾಸ್ತರ್ರು ಪ್ರತಿ ವರ್ಷ ಆಟದ ಪಟ ತೆಗ್ದು ಮೇಳಕ್ಕೆ ಕಳಿಸ್ತ್ರಲ್ಲ, ಆ ಕಟ್ಟಿನ ಒಳಗೇ ಬಂತು. ಮೇಳದ ಯಜಮಾನ್ರು ಸುದರ್ಶನ ಒಡೆಯರು ನೋಡಿದ್ದೇ ನೋಡಿದ್ದು. 'ಹುಣ್ಣಿಮೆ ಬೆಳದಿಂಗಳು, ಕಿರೀಟ, ಶುಕ್ರ. ಇನ್ನೆಂತ ಬೇಕು?' ಅಂದ್ರು. ಇವತ್ತು ಸಂಜೆ ಮೇಳದವರೆಲ್ಲ ಅವರ ಚಾವಡಿಗೆ ಬತ್ರು. ಅಪ್ಪನ ಹತ್ರ ಪೆಟ್ಟಿಗೆ ಬೀಗದಕೈ ಇಸ್ಕಂಡು, ಅಲ್ಲಿಂದ ಸೀದಾ ಪೊಲೀಸ್ರ ಹತ್ರ."

"ನಿನ್ನಪ್ಪ ಎಂತ ಹೇಳ್ತಾನೆ?"

"ಅದೇ ಅಲ್ದಾ! ಬಾಯಿ ಬಿಡೂದಿಲ್ಲ. ಹೌದು ಅನ್ನೂದಿಲ್ಲ, ಅಲ್ಲ ಅನ್ನೂದಿಲ್ಲ." ಮಾದೇವಿ ಪಟದೊಳಗಿನ ಅಪ್ಪನ ಮುಖಕ್ಕೆ ಬೆರಳಿಟ್ಟಳು. "ಆಯಿ ಇದ್ದಿದ್ರೆ ಬಾಯಿ ಬಿಡಿಸ್ತಿತ್ತು. ನನ್ನ ಕೈಲಿ ಆಗೂದಿಲ್ಲ."

ಮಾದೇವಿಯ ತಾಯಿ ತಿಮ್ಮಿಯನ್ನು ಊರಲ್ಲಿ ಅರಿಯದವರಿಲ್ಲ. ಮೇಳದಲ್ಲಿ ಹರಿದುಹೋದ ವೇಷದ ಸೀರೆಯನ್ನು, ಆ ಕೆಂಪು ಹಳದಿ ಚೌಕುಳಿಯ ದಪ್ಪ ಸೀರೆಯನ್ನು, ಶುಕ್ರ ತಂದು ಕೊಟ್ಟರೆ ಅದನ್ನೇ ಹೊಲಿದು ಉಟ್ಟುಕೊಂಡು ಮೀನುಪೇಟೆಗೆ ಹೋಗುವವಳು. ಹೆಂಗಸರು "ರಾಜವೇಷದ ಹೆಂಡ್ತಿ ಬಂತು, ದಾರಿ ಬಿಡಿ" ಎಂದು ನಕ್ಕರೆ ತಿಮ್ಮಿ ಅಲ್ಲೇ ಎರಡು ಹೆಜ್ಜೆ ಕುಣಿದು ತೋರಿಸುತ್ತಿದ್ದಳು. ಮೂರು ಮಳೆಗಾಲದ ಹಿಂದೆ ಅದೇ ಸೀರೆಯಲ್ಲಿ ಶರಾವತಿಯ ಅಳಿವೆಗೆ ಬಳಚಿನ ಚಿಪ್ಪು ಹೆಕ್ಕಲು ಹೋದಳು. ದೋಣಿ ಮಗುಚಿತು. ಉಳಿದವರು ಈಜಿ ದಡ ಸೇರಿದರು. ತಿಮ್ಮಿ ಸಿಗಲಿಲ್ಲ, ದೇಹವೂ ಸಿಗಲಿಲ್ಲ. ಸಿಗದೆಯೇ ಕರ್ಮ ಮಾಡಿ ಮುಗಿಸಿದರು.

ವಿನುತಾ ಪಟವನ್ನು ಬಾಗಿಲ ಬೆಳಕಿಗೆ ಓರೆ ಮಾಡಿದಳು. ಅವಳೇನೂ ಪತ್ತೇದಾರಿ ಎಂದು ಬೋರ್ಡು ಹಾಕಿಕೊಂಡವಳಲ್ಲ. ಗೇರಸೊಪ್ಪೆಯಲ್ಲಿ ಕಳೆದುಹೋದ ಎಮ್ಮೆಯನ್ನು ತಾನು ತೆಗೆದ ಮದುವೆ ವೀಡಿಯೋದ ಮೂಲೆಯೊಂದರಲ್ಲಿ ಪತ್ತೆ ಮಾಡಿದ ಮೇಲೆ ಜನ ತಾವಾಗಿ ಬರತೊಡಗಿದ್ದರು. ಎಮ್ಮೆ ಎರಡನೇ ಪಂಕ್ತಿಗೆ ಕಾಯುತ್ತ ನಿಂತಿತ್ತಂತೆ.

"ಇದು ಯಾವ ಕಡಲು?"

"ಹೊಳೆಯಾಚೆ ಕಾಸರಕೋಡ ಟೊಂಕ, ಮೀನುಗಾರರ ದಂಡೆ."

"ಕರ್ಕಿಯಲ್ಲೇ ಕಡಲು ಉಂಟಲ್ಲ. ನಿನ್ನಪ್ಪ ಕಿರೀಟ ಹಿಡ್ಕಂಡು ಹೊಳೆ ದಾಟಿ ಅಲ್ಲೀವರೆಗೆ ಎಂತಕ್ಕೆ ಹೋದ?"

"ಅದೇ ನಂಗೂ ತಿಳೀಲಿಲ್ಲ," ಎಂದಳು ಮಾದೇವಿ.

ವಿನುತಾಳ ಕಣ್ಣು ಶುಕ್ರನ ಕಾಲ ಬಳಿ ನಿಂತಿತು. ಮರಳ ಮೇಲೆ ಚಾಪೆಯಂಥದ್ದೇನೋ ಹಾಸಿದೆ, ಅದರ ತುಂಬ ಸಣ್ಣ ಸಣ್ಣ ಬೆಳ್ಳಿಚೂರು. ಬೆಳದಿಂಗಳೇ ಒಡೆದು ಬಿದ್ದ ಹಾಗೆ.

"ಚೆಂದ ಜಾಸ್ತಿ ಆತು," ಎಂದಳು ತನ್ನಷ್ಟಕ್ಕೆ. "ನಿಜವಾದ ಬೆಳದಿಂಗಳು ಇಷ್ಟು ಚೆಂದ ಇರೂದಿಲ್ಲ. ನೀ ಮನೆಗೆ ಹೋಗು ಮಾದೇವಿ. ಸಂಜೆ ಚಾವಡಿಗೆ ಬತ್ತೆ."

ಸ್ಟೂಲಿನ ಮೇಲಿಂದ ಕ್ಷೀಣ ದನಿಯೊಂದು ಕೇಳಿತು. "ಅಕ್ಕಾ, ಈಗ ಅಲುಗ್ಲಾ?"

*

ಕುಮಟೆಯ ಮಧ್ಯಾಹ್ನದ ಬಿಸಿಲು ಹೇಗಿತ್ತೆಂದರೆ, ಬಸ್ಸಿನಿಂದ ಇಳಿದ ವಿನುತಾಳ ನೆರಳು ಅವಳಿಗಿಂತ ಮುಂಚೆ ಓಡಿ ಹೋಗಿ ಶ್ರೀನಾಥ ಮಾಸ್ತರರ ಜಗಲಿಯ ತಂಪಿನಲ್ಲಿ ಕೂತುಬಿಟ್ಟಿತ್ತು.

ಊರೆಲ್ಲ ಫೋನಿನಲ್ಲಿ ಪಟ ತೆಗೆಯುವ ಈ ಕಾಲದಲ್ಲಿ ಮಾಸ್ತರರು ಮಾತ್ರ ರೀಲು ಬಿಟ್ಟಿರಲಿಲ್ಲ. ಫ್ರಿಜ್ಜಿನಲ್ಲಿ ಅಪ್ಪೆಮಿಡಿ ಭರಣಿಯ ಪಕ್ಕ ರೀಲಿನ ಡಬ್ಬಿಗಳು. ಊಟಕ್ಕೆ ಬಂದ ನೆಂಟರೊಬ್ಬರು ಉಪ್ಪಿನಕಾಯಿಯೆಂದು ಡಬ್ಬಿ ತೆರೆದು, ರೀಲು ಹೊರಗೆಳೆದು, ಒಂದಿಡೀ ಮದುವೆಯನ್ನು ಬೆಳಕಿಗೆ ಬಲಿ ಕೊಟ್ಟದ್ದುಂಟು. ಮಾಸ್ತರರು ತಲೆಕೆಡಿಸಿಕೊಳ್ಳಲಿಲ್ಲ. ಬಚ್ಚಲು ಮನೆಯಲ್ಲಿ ಕತ್ತಲು ಮಾಡಿಕೊಂಡು ರೀಲು ತೊಳೆಯುವುದು, ಅಲ್ಲೇ ಪಟ ಮಾಡುವುದು, ಹಿತ್ತಲ ತಂತಿಗೆ ಒಣಹಾಕುವುದು. ವಿನುತಾ ಈ ಕೆಲಸ ಕಲಿತದ್ದೇ ಆ ಬಚ್ಚಲಿನಲ್ಲಿ.

"ಬಾ ಬಾ. ಎಂತ, ಗುರು ನೆನಪಾದ್ನ?" ಎಂದರು ಮಾಸ್ತರರು. "ಮಜ್ಜಿಗೆ ಇದ್ದು, ಕುಡಿ. ಈಗೆಲ್ಲ ಎಂತ ಪಟವೇ ನಿಮ್ಮದು? ಭಟ್ಕಳದಲ್ಲೂ ಅದೇ ಬಣ್ಣ, ಹೊನ್ನಾವರದಲ್ಲೂ ಅದೇ ಬಣ್ಣ. ಊರು ಬೇರೆ ಆದ್ರೆ ಬಿಸ್ಲು ಬೇರೆ ಅಲ್ದಾ? ಭಟ್ಕಳದ ಓಣಿಯಲ್ಲಿ ಕೆಂಪುಕಲ್ಲಿನ ಗೋಡೆ, ಮೇಲೆ ಹೆಂಚು. ಅಲ್ಲಿ ಮದುಮಗಳ ಕೆನ್ನೆಗೆ ಗೋಡೆಯದ್ದೇ ಕೆಂಪು ಹೊಡೀತು. ಅಲ್ಲಿಗೆ ತಣ್ಣಗಿನ ರೀಲು ಬೇಕು. ನಿಮ್ಮ ಹೊನ್ನಾವರದ ಬೆಳಗು ಹೊಳೆ ಹಬೆಯಲ್ಲಿ ಅದ್ದಿ ತೆಗ್ದಾಂಗೆ, ಹಾಲು ಹಾಲು. ಬೆಚ್ಚಗಿನ ರೀಲು ಹಾಕದಿದ್ರೆ ಮನುಷ್ಯ ಹೆಣದ ಹಾಂಗೆ ಕಾಣ್ತ."

"ಮುರ್ಡೇಶ್ವರ?" ವಿನುತಾ ನಗುತ್ತ ಕೇಳಿದಳು. ಉತ್ತರ ಅವಳಿಗೆ ಬಾಯಿಪಾಠ.

"ಅಲ್ಲಿ ಬಿಸ್ಲು ಮೇಲಿಂದ ಒಂದು, ನೀರಿಂದ ಒಂದು! ಅಲ್ಲಿಗೆ ಮಂದ ರೀಲು, ಸೋಮಾರಿ ರೀಲು. ಎಷ್ಟು ಬೆಳಕು ಕೊಟ್ರೂ ಅವಸರ ಮಾಡದೇ ಇದ್ದದ್ದು. ನಾನು ಒಂದ್ಸಲ ಮರೆತು ಚುರುಕು ರೀಲು ಹಾಕಿ ಅಲ್ಲಿ ತೆಗ್ದೆ ನೋಡು, ತೊಳ್ದ ಮೇಲೆ ಪಟದಲ್ಲಿ ಮನುಷ್ಯರೇ ಇಲ್ಲೆ. ಬರೀ ಬೆಳಕು. ಆ ನೆಂಟ್ರು ಈಗ್ಲೂ ಕೇಳ್ತಿದ್ದ, ನಮ್ಮನ್ನ ಎಲ್ಲಿ ಬಿಟ್ಟೆ ಅಂತ."

ವಿನುತಾ ಮಜ್ಜಿಗೆ ಲೋಟ ಕೆಳಗಿಟ್ಟು ಪಟವನ್ನು ಅವರ ಮುಂದೆ ಹಿಡಿದಳು. "ಇದು ನಿಮ್ಮದೇ ಅಲ್ಲ?"

ಮಾಸ್ತರರು ಮೂಗಿನ ಹತ್ತಿರ ತಂದು ನೋಡಿದರು. ಮುಖ ಅರಳಿತು.

"ಅಬ್ಬಾ, ಎಂತ ಬಿಸ್ಲು ಮಾರಾಯ್ತಿ! ಮರಳು ಕಾದು ನನ್ನ ಕಾಲೇ ಬೆಂದುಹೋಗಿತ್ತು ಅವತ್ತು."

ಹಿತ್ತಲಲ್ಲಿ ಕಾಗೆಯೊಂದು ಕೂಗಿತು. ವಿನುತಾಳ ಕೈ ಅಲ್ಲೇ ನಿಂತಿತು.

"ಬಿಸಿಲಾ? ಇದು ಬೆಳದಿಂಗಳಲ್ವಾ ಮಾಸ್ತರ್ರೆ?"

"ನಿಂಗೆ ಮರುಳಾ? ನಡು ಮಧ್ಯಾಹ್ನ ಇದು."

"ಇಷ್ಟು ನೀಲಿ ಉಂಟಲ್ಲ..."

"ನೀಲಿ ಎಲ್ಲಿದ್ದು?" ಮಾಸ್ತರರು ಪಟವನ್ನು ಹಿಂದೆ ಮುಂದೆ ತಿರುಗಿಸಿದರು. "ನಂಗೆ ಕಾಣ್ತಿಲ್ಲೆ."

ವಿನುತಾ ಅವರ ಕಣ್ಣನ್ನೇ ನೋಡಿದಳು. ಎರಡು ಕಣ್ಣಿನಲ್ಲೂ ಮಾಸಲು ಪೊರೆ. ತನ್ನ ಆಕಾಶದಂಥ ನೀಲಿ ಚೂಡಿದಾರದ ತುದಿಯನ್ನು ಎತ್ತಿ ತೋರಿಸಿದಳು. "ಇದು ಯಾವ ಬಣ್ಣ?"

"ಬೂದಿ. ಒಳ್ಳೇ ಬಣ್ಣ ಉಟ್ಕಂಬುಲೆ ಎಂತ ಕಷ್ಟ ನಿಂಗೆ?"

ಅವಳಿಗೆ ನಗುವೂ ಬಂತು, ಅಯ್ಯೋ ಎಂದೂ ಅನಿಸಿತು. ಮುದುಕರ ಕಣ್ಣಿನ ಪೊರೆ ಹಳದಿ ಕನ್ನಡಕದ ಹಾಗೆ ಕೂತು ಲೋಕದ ನೀಲಿಯನ್ನೆಲ್ಲ ಕುಡಿದುಬಿಟ್ಟಿತ್ತು. ಊರಿಗೆಲ್ಲ ಬೆಳದಿಂಗಳಾಗಿ ಕಂಡ ಪಟ ಈ ಒಬ್ಬರಿಗೆ ಮಾತ್ರ, ಇದ್ದ ಹಾಗೆ, ಮಧ್ಯಾಹ್ನವಾಗಿ ಕಂಡಿತ್ತು.

"ಮಾಸ್ತರ್ರೆ, ಅವತ್ತು ಕ್ಯಾಮರಾದಲ್ಲಿ ಇದ್ದದ್ದು ಯಾವ ರೀಲು?"

"ಹಿಂದಿನ ರಾತ್ರಿ ಕರ್ಕಿಯಲ್ಲಿ ಆಟ ಆಗಿತ್ತು. ರೀಲು ಅರ್ಧ ಉಳಿದಿತ್ತು. ಅರ್ಧ ರೀಲು ಯಾರಾದ್ರೂ ಹಾಳು ಮಾಡ್ತ್ವಾ? ಮರುದಿವ್ಸ ಟೊಂಕಕ್ಕೆ ಹೋಗಿ ಮೀನು ಒಣ್ಸದ್ದು ತೆಗ್ಯನಾ ಅಂತ..." ಮಾತು ಅಲ್ಲಿಗೇ ನಿಂತಿತು. ಅವರು ನಿಧಾನವಾಗಿ ಕುರ್ಚಿಗೆ ಒರಗಿದರು. "ದೀಪದ ರೀಲು."

ಕರಾವಳಿಯ ಮೇಳಗಳೆಲ್ಲ ಬಿಳಿ ಎಲ್‌ಇಡಿಗೆ ಹೋದರೂ ಕರ್ಕಿಯವರು ಹಠ ಹಿಡಿದು ಹಳದಿ ಬಲ್ಬೇ ಉರಿಸುತ್ತಾರೆ. ಆ ಹಳದಿಯಲ್ಲಿ ಸಾಧಾರಣ ರೀಲು ಹಾಕಿದರೆ ವೇಷದವರೆಲ್ಲ ಕಾಮಾಲೆ ಬಂದವರ ಹಾಗೆ ಕಾಣುತ್ತಾರೆ. ಅದಕ್ಕೇ ಸಿನಿಮಾದವರು ಒಳಾಂಗಣಕ್ಕೆ ಬಳಸುವ ರೀಲು ಒಂದುಂಟು. ದೀಪದ ಹಳದಿಯನ್ನು ಸರಿದೂಗಿಸಲು ಅದರೊಳಗೇ ನೀಲಿಯ ಕಡೆಗೆ ಒಲವು. ಅದನ್ನೇ ತಂದು ಬಿಸಿಲಿಗೆ ಹಿಡಿದರೆ ಸರಿದೂಗಿಸಲು ಹಳದಿ ಎಲ್ಲಿದೆ? ನೀಲಿಯೊಂದೇ ಉಳಿಯುತ್ತದೆ. ಹಗಲು ಹೋಗಿ ಹುಣ್ಣಿಮೆಯಾಗುತ್ತದೆ.

"ಪಟ ಮಾಡುವಾಗ ಸರಿ ಮಾಡಕಾಗಿತ್ತು," ಎಂದರು ಮಾಸ್ತರರು ಮೆಲ್ಲಗೆ. "ನನ್ನ ಕಣ್ಣಿಗೆ ಸರಿಯಾಗೇ ಇತ್ತಲೇ."

"ಶುಕ್ರ ಅಲ್ಲಿ ಎಂತ ಮಾಡ್ತಿದ್ದ?"

"ಆಟದ ಮರುದಿನ ಕಿರೀಟದ ಒಳಗಿನ ಬಟ್ಟೆ ಬೆವರಿಗೆ ತೊಯ್ದಿರ್ತಲ, ಬಿಸಿಲಿಗೆ ಇಟ್ಕಂಡು ಕೂತಿದ್ದ. ನನ್ನ ಕಂಡವ ಯಾಕೋ ಬೆಚ್ಚಿಬಿದ್ದ. ದೋಣಿ ಹತ್ರ ಕೆಂಪು ಬಾವುಟ ಹಾರ್ತಿತ್ತು, ಚೆಂದ ಇದ್ದು ಅಂತ ಆ ಮೂಲೆನೂ ಸೇರ್ಸಿ ತೆಗ್ದೆ. ಅಲ್ಲಿಂದ ಸೀದಾ ಬಸ್ಸು ಹತ್ತಿ ಊಟಕ್ಕೆ ಮನೆಗೆ ಬಂದೆ."

ವಿನುತಾ ದೋಣಿಯ ಪಕ್ಕ ನೋಡಿದಳು. ಕೆಂಪು ಎಲ್ಲಿಯೂ ಇರಲಿಲ್ಲ. ಆ ಕಪ್ಪು ಮುದ್ದೆ ಅಷ್ಟೇ.

*

ಕರ್ಕಿಯಲ್ಲಿ ಹೊತ್ತು ಕಂತುವ ಹೊತ್ತು. ಸುದರ್ಶನ ಒಡೆಯರ ಚಾವಡಿಯೊಳಗೆ ಬೆಳಕು ಜೇನಿನ ಹಾಗೆ ಹರಿದು ಬಂದು ಕಂಬಗಳಿಗೆ ಅಂಟಿಕೊಂಡಿತ್ತು. ಮೇಳದವರೆಲ್ಲ ಚಾಪೆಯ ಮೇಲೆ. ಶುಕ್ರ ಮಾತ್ರ ಮೆಟ್ಟಿಲ ಮೇಲೆ, ತಲೆ ತಗ್ಗಿಸಿ. ಬೀಗದಕೈ ಆಗಲೇ ಒಡೆಯರ ಮುಂದಿನ ಮಣೆಯ ಮೇಲಿತ್ತು.

ಒಡೆಯರು ಯಜಮಾನರಾಗುವ ಮೊದಲು ರಾಜವೇಷ ಮಾಡಿದವರು. ಅವರು ಕೆಮ್ಮಿದರೆ ಹಿತ್ತಲ ಕೋಳಿಗಳು ಸಾಲಾಗಿ ನಿಲ್ಲುತ್ತವೆ ಎಂದು ಪ್ರತೀತಿ.

"ಹಗಲಂತೆ!" ಎಂದು ಗುಡುಗಿದರು ವಿನುತಾಳ ಮಾತು ಕೇಳಿ. "ನನ್ನ ಕಣ್ಣು ಎಂತ ಇಂಗಿ ಹೋಗಿದ್ಯಾ? ಕುರುಡನೂ ಹೇಳ್ತ, ಬೆಳದಿಂಗಳು ಅಂತ."

"ಪಟ ತೆಗ್ದ, ಕಣ್ಣು ಮಂಜಾದ ಮಾಸ್ತರ್ರೇ ಹಗಲು ಅಂದ್ರು ಒಡೆಯಾ," ಎಂದಳು ವಿನುತಾ. "ನೆರಳು ನೋಡಿ. ಕಾಲಡಿಗೇ ಬಿದ್ದಿದೆ."

"ಹುಣ್ಣಿಮೆ ಚಂದ್ರನೂ ನೆತ್ತಿಗೆ ಬತ್ತ. ಬೇರೆ ಉಂಟಾ?"

"ಉಂಟು. ಈ ಚಾಪೆ ಮೇಲೆ ಮಿಂಚೂದು ಎಂತ?"

ಚಂಡೆ ಬಾರಿಸುವ ಶ್ರೀಕೃಷ್ಣ ಬಗ್ಗಿ ನೋಡಿದ. ಅವನ ಮನೆಯವರದ್ದು ಮೀನಿನ ಕಸುಬು. "ಒಣಮೀನು ಅಲ್ದನಾ! ಹರಡಿದ್ದು."

"ರಾತ್ರಿ ಮೀನು ಹರಡ್ತ್ರಾ ಶ್ರೀಕೃಷ್ಣ?"

"ಇಬ್ಬನಿಗೆ ಕೊಳೆಸೂಕಾ? ಹೊತ್ತು ಕಂತೂಕೂ ಮೊದ್ಲೇ ರಾಶಿ ಮಾಡಿ ಮುಚ್ತ್ರು. ರಾತ್ರಿ ಮೀನು ಒಣಸೂ ಹೆಂಗ್ಸು ಟೊಂಕದಲ್ಲಿ ಇನ್ನೂ ಹುಟ್ಟಲಿಲ್ಲ."

ಚಾಪೆಯ ಮೇಲೆ ಗುಸುಗುಸು ಎದ್ದಿತು. ಒಡೆಯರ ಹುಬ್ಬು ಮಾತ್ರ ಇಳಿಯಲಿಲ್ಲ.

"ನಿಮ್ಮ ದೀಪದ ಪೆಟ್ಟಿಗೆಯಿಂದ ಕಿತ್ತಳೆ ಕಾಗದ ಒಂದು ಕೊಡಿ," ಎಂದಳು ವಿನುತಾ.

ರಂಗದ ಮೇಲೆ ಸೂರ್ಯೋದಯ ಆಗಬೇಕಾದಾಗ ದೀಪದ ಮುಖಕ್ಕೆ ಕಟ್ಟುವ, ಆಚೆ ಕಾಣುವಂಥ ಕಿತ್ತಳೆ ಬಣ್ಣದ ಕಾಗದ. ಯಾರೋ ತಂದುಕೊಟ್ಟರು. ಅಂಗೈಯಗಲದ ಚೂರು. ವಿನುತಾ ಪಟವನ್ನು ಮಣೆಗೆ ಒರಗಿಸಿ, ಶುಕ್ರನ ಮುಖ ಇದ್ದ ಜಾಗಕ್ಕೆ ಕಾಗದ ಹಿಡಿದಳು.

ಚಾಪೆಯ ಮೇಲಿದ್ದವರೆಲ್ಲ ಮುಂದಕ್ಕೆ ಬಾಗಿದರು.

ಕಾಗದದ ಅಡಿಯಲ್ಲಿ ಚಂದ್ರ ಕರಗಿಹೋದ. ನೀಲಿ ಇದ್ದ ಕಡೆ ಮರಳು ಮರಳಿನದ್ದೇ ಬಣ್ಣಕ್ಕೆ ಬಂತು. ಶುಕ್ರನ ಅಂಗಿ ಬೆಳ್ಳಗಾಯಿತು, ಹಣೆಯ ಬೆವರು ಮಿನುಗಿತು, ಕಿರೀಟದ ಹಳೇ ಚಿನ್ನ ಬೆಚ್ಚಗೆ ಎದ್ದು ಕೂತಿತು. ಆ ಚೂರು ಕಾಗದದಷ್ಟು ಜಾಗದಲ್ಲಿ ನಡು ಮಧ್ಯಾಹ್ನ, ಸುತ್ತ ಇನ್ನೂ ಬೆಳದಿಂಗಳು. ಕನಸಿಗೆ ಯಾರೋ ಕಿಟಕಿ ತೆರೆದ ಹಾಗಿತ್ತು.

"ದೇವ್ರೇ," ಎಂದ ಶ್ರೀಕೃಷ್ಣ.

"ಹುಣ್ಣಿಮೆ ದಿವಸ ಸಂಜೆ ಕಿರೀಟ ಪೆಟ್ಟಿಗೆಗೆ ಇಟ್ಟದ್ದು ಯಾರು ಒಡೆಯಾ?"

"ನಾನೇ ಕಣ್ಣಾರೆ ನೋಡಿ ಬೀಗ ಹಾಕ್ಸಿದ್ದೆ," ಎಂದರು ಒಡೆಯರು. ದನಿಯ ಗುಡುಗು ಇಳಿದಿತ್ತು. "ಆಟ ಆದದ್ದು ಹುಣ್ಣಿಮೆಯ ಹಿಂದಿನ ರಾತ್ರಿ. ಅಂದ್ರೆ ಈ ಪಟ ಹುಣ್ಣಿಮೆ ದಿವಸದ ಮಧ್ಯಾಹ್ನದ್ದು. ಕಳವಿಗಿಂತ ಮೊದ್ಲಿನದ್ದು." ಅವರು ಬೀಗದಕೈ ಎತ್ತಿಕೊಂಡು ಮೆಟ್ಟಿಲ ಕಡೆಗೆ ಚಾಚಿದರು. "ಶುಕ್ರಾ, ನಂದು ತಪ್ಪಾತು. ತಕಾ. ಆದ್ರೆ ಮಾರಾಯ, ಕಿರೀಟ ಒಣಸೂಕೆ ಹೊಳೆ ದಾಟಿ ಟೊಂಕಕ್ಕೆ ಎಂತಕ್ಕೆ ಹೋದೆ? ಅದೊಂದು ಮಾತು ಮೊದ್ಲೇ ಹೇಳಿದ್ರೆ ಇಷ್ಟೆಲ್ಲ ಇತ್ತಾ?"

ಶುಕ್ರ ಕೈ ಚಾಚಲಿಲ್ಲ. ಅವನ ಕಣ್ಣು ಬೀಗದಕೈಯ ಮೇಲೂ ಇರಲಿಲ್ಲ. ಪಟದ ಮೇಲಿತ್ತು, ಅದರ ಮೇಲಿನ ಮೂಲೆಯಲ್ಲಿ.

ಮಾದೇವಿ ಅಳುತ್ತ ನಗುತ್ತ ವಿನುತಾಳ ಪಕ್ಕಕ್ಕೆ ಬಂದಳು. "ಕೊಡಿ ಅಕ್ಕ, ನಾ ಒಂಚೂರು ನೋಡ್ತೆ." ಕಾಗದವನ್ನು ಕೈಗೆ ತೆಗೆದುಕೊಂಡು ಪಟದ ಮೇಲೆ ಆಟವಾಡುವವಳ ಹಾಗೆ ಸರಿಸಿದಳು. ಹಗಲು ಮರಳ ಮೇಲೆ ನಡೆಯಿತು. ಮೀನಿನ ಚಾಪೆ ದಾಟಿತು. ಅಲೆಯ ನೊರೆ ಬೆಳ್ಳಗಾಗಿ ಮತ್ತೆ ನೀಲಿಗೆ ತಿರುಗಿತು. ದೋಣಿಯ ಮೂತಿಯ ಹತ್ತಿರ ಬಂತು.

"ಅತ್ಲಾಗೆ ಬೇಡ ಮಗಾ!"

ವಾರದಿಂದ ಬಾಯಿ ಬಿಡದ ಶುಕ್ರ ಕೂಗಿದ್ದ. ಎದ್ದು ನಿಂತಿದ್ದ.

"ಕಾಗದ ತೆಗಿ. ಒಡೆಯಾ, ಕಿರೀಟ ಕದ್ದದ್ದು ನಾನೇ. ಹೌದು, ನಾನೇ. ಪೊಲೀಸ್ರನ್ನ ಕರೀರಿ. ಈ ಪಟ ಒಲೆಗೆ ಹಾಕಿ, ನಿಮ್ಮ ಕಾಲು ಹಿಡೀತೆ."

"ಹುಚ್ಚು ಹಿಡೀತಾ ನಿಂಗೆ?" ಎಂದರು ಒಡೆಯರು. "ಈಗಷ್ಟೇ ಬಿಡಿಸ್ಕಂಡೆಯಲ್ಲೋ!"

ವಿನುತಾಳಿಗೆ ಮಾಸ್ತರರ ಮಾತು ನೆನಪಾಯಿತು. ಕೆಂಪು ಬಾವುಟ. ನೀಲಿಯಲ್ಲಿ ಕೆಂಪು ಕಪ್ಪಾಗುತ್ತದೆ. ಪೊರೆ ಬಂದ ಕಣ್ಣಿಗೆ ಕಂಡ ಕೆಂಪು ಉಳಿದವರಾರಿಗೂ ಕಂಡಿರಲಿಲ್ಲ. ಅವಳು ಮಾದೇವಿಯ ಕೈ ಹಿಡಿಯಲು ಹೋದಳು.

ತಡವಾಗಿತ್ತು. ಕಾಗದ ಆಗಲೇ ಆ ಕಪ್ಪು ಮುದ್ದೆಯ ಮೇಲೆ ಬಂದು ನಿಂತಿತ್ತು.

ಅದು ಬಲೆಯ ರಾಶಿಯಲ್ಲ. ಬಾವುಟವೂ ಅಲ್ಲ. ದೋಣಿಯ ಮರೆಗೆ ಸರಿಯುತ್ತಿದ್ದ ಹೆಂಗಸೊಬ್ಬಳ ಬೆನ್ನು. ಗಾಳಿಗೆ ಎದ್ದ ಸೆರಗು. ಕೆಂಪು ಹಳದಿ ಚೌಕುಳಿ, ವೇಷದ ದಪ್ಪ ಬಟ್ಟೆ, ನಡುವೆ ಹೊಲಿದ ಗೆರೆ.

ಹೊರಗೆ ಹೊತ್ತು ಕಂತಿತು. ಚಾವಡಿಯ ಜೇನು ಬೆಳಕು ಕಂಬ ಬಿಟ್ಟು ಇಳಿದುಹೋಯಿತು. ಯಾರೂ ದೀಪ ಹಾಕಲು ಏಳಲಿಲ್ಲ.

ಮಾದೇವಿ ಕಾಗದ ಹಿಡಿದ ಕೈಯನ್ನು ತೆಗೆಯಲಿಲ್ಲ. ತಿರುಗದೆಯೇ, ತುಂಬ ಮೆಲ್ಲಗೆ ಕೇಳಿದಳು.

"ಅಪ್ಪಾ, ಹಾಗಾದ್ರೆ ನಾವು ಎಳ್ಳುನೀರು ಬಿಟ್ಟದ್ದು ಯಾರಿಗೆ?"